ಗುಳೆ ತಿಂಗಳಿಗೆ ಖಾನೆಯೇ ಇಲ್ಲದ ನಮೂನೆ

ವಿದೇಶಿ ನೆರವಿನ ಜಲಾನಯನ ಯೋಜನೆಯೊಂದರ ಮೌಲ್ಯಮಾಪನಕ್ಕೆ ಕಲಬುರಗಿ ಸೀಮೆಯ ಹಳ್ಳಿಗೆ ಹೋದ ದಿನ. ನಮೂನೆಯ ಮೊದಲ ಪ್ರಶ್ನೆ: ‘ಕಳೆದ 12 ತಿಂಗಳಲ್ಲಿ ಕುಟುಂಬದ ಆದಾಯ ಎಷ್ಟು?’ ಇದಕ್ಕೆ ನಿಜ ಉತ್ತರ ಸಿಗುವುದೇ ಅಪರೂಪ. ಒಕ್ಕಲುತನದಲ್ಲಿ ತಿಂಗಳ ಪಗಾರ ಇರುವುದಿಲ್ಲ. ಮೇಲಾಗಿ, ಹೆಚ್ಚು ಹೇಳಿದರೆ ಬಿಪಿಎಲ್ ಕಾರ್ಡು ಹೋದೀತೆಂಬ ಅಳುಕು ಬೇರೆ.

ನಮೂನೆಯನ್ನು ಚೀಲದಲ್ಲೇ ಬಿಟ್ಟು ಸಂಘದ ಹೆಣ್ಣುಮಕ್ಕಳನ್ನು ಕೇಳಿದ್ದು ಇಷ್ಟೇ: ‘ಒಂದು ಮನಿ ಸುಧಾರಿಸ್ಯಾದ ಅಂತ ಹೆಂಗ ಗೊತ್ತಾಗ್ತದ್ರಿ, ಅಕ್ಕಾರ?’

‘ಎಷ್ಟು ತಿಂಗಳ ಗುಳೆ ಹೋಗ್ತಾರ ನೋಡ್ರಿ, ತಿಳೀತದ.’

ಆಮೇಲೆ ಸಾವ್ಕಾರನ ಸಾಲ ಬಂತು, ಬೇಸಿಗೆಗೆ ದನಕ್ಕೆ ಕಣಿಕಿ ಸಾಲುತ್ತದೋ ಇಲ್ಲವೋ ಎಂಬುದು ಬಂತು. ಆದಾಯದ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಮೂನೆಯಲ್ಲಿ ಗುಳೆಗೆ ಖಾನೆಯೇ ಇರಲಿಲ್ಲ.

ಗುಳೆಯ ಲೆಕ್ಕ ಸಿಗಬೇಕೆಂದರೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಖಾನೆ ಎಳೆಯಬೇಕು. ಜನವರಿ, ಫೆಬ್ರವರಿ ಬೇಡ. ರೋಹಿಣಿ, ಮೃಗಶಿರಾದಿಂದ ಮಳೆ ನಕ್ಷತ್ರಗಳನ್ನೇ ಬರೆದರೆ ಒಂದೊಂದಕ್ಕೆ 13–14 ದಿನ. ತಿಂಗಳಿಗಿಂತ ಸೂಕ್ಷ್ಮ ಲೆಕ್ಕ. ಮಳೆ ಮುಗಿದ ಮೇಲೆ ಎಳ್ಳಮಾಸಿ, ಸಂಕ್ರಮಣ, ಹೋಳಿ, ಯುಗಾದಿ. ಓಣಿಯ ಹತ್ತು ಮನೆಯಲ್ಲಿ ಎಷ್ಟು ಮನೆ ಗುಳೆ ಹೋಗಿವೆಯೋ ಅಷ್ಟು ಹುಣಸೆ ಬೀಜ ಖಾನೆಗೆ. ಇಂಥದ್ದೇ ಎರಡು ಚಿತ್ರ: ಈಗಿನದೊಂದು, ಯೋಜನೆಯವರು ಹೊಲಕ್ಕೆ ಒಡ್ಡು ಹಾಕುವ ಮುಂಚಿನದೊಂದು. ಇಸವಿ ಕೇಳಿದರೆ ತಡವರಿಸುತ್ತಾರೆ, ಒಡ್ಡಿನ ಕೆಲಸ ಎಲ್ಲರಿಗೂ ನೆನಪಿರುತ್ತದೆ.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಕೂರುವ ಜಾಗದಿಂದ. ಗುಡಿ ಕಟ್ಟೆಯ ಮುಂದೆ ಕೂತರೆ ದಲಿತ ಓಣಿಯವರು ದೂರ ನಿಂತು ನೋಡುತ್ತಾರೆ, ಬೀಜ ಮುಟ್ಟುವುದಿಲ್ಲ. ಅವರ ಓಣಿಯಲ್ಲಿ ಬೇರೆಯಾಗಿಯೇ ಮಾಡಬೇಕು. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಕತೆಯೇ ಮುಚ್ಚಿಹೋಗುತ್ತದೆ. ಅಂದು ಹೊಲ ಇದ್ದವರ ಓಣಿಯಲ್ಲಿ ಎಳ್ಳಮಾಸಿ ನಂತರದ ಬೀಜ ಕಡಿಮೆಯಾಗಿದ್ದವು. ಹೊಲವಿಲ್ಲದವರಲ್ಲಿ ಮೊದಲಿನಷ್ಟೇ. ಒಡ್ಡು ಬಿದ್ದದ್ದು ಹೊಲದಲ್ಲಲ್ಲವೇ! ಎಷ್ಟು ಹೆಕ್ಟೇರ್‌ಗೆ ಒಡ್ಡು ಬಿತ್ತು ಎಂದು ಎಣಿಸುವ ಸೂಚ್ಯಂಕದಲ್ಲಿ ಮಾತ್ರ ಯೋಜನೆಗೆ ಪೂರ್ತಿ ಅಂಕ.

ಯೋಜನೆಯ ಜೀಪು ಎದುರಿಗೆ ನಿಂತಿದ್ದರೆ ಒಳ್ಳೆಯದೆಲ್ಲ ಯೋಜನೆಯಿಂದಲೇ ಆಗಿರುತ್ತದೆ. ಅದಕ್ಕೇ ಏನು ಬದಲಾಯಿತು ಎಂಬುದು ಮೊದಲು, ಯಾತಕ್ಕೆ ಎಂಬುದು ಆಮೇಲೆ, ಯೋಜನೆಯ ಹೆಸರು ಕಟ್ಟಕಡೆಗೆ.

ಬೀಜ, ರಂಗೋಲಿ ಹೊಸದೇನಲ್ಲ. 1990ರ ಸುಮಾರಿಗೆ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆಯವರು ಬ್ರಿಟನ್ನಿನ ಅಭಿವೃದ್ಧಿ ತಜ್ಞ ರಾಬರ್ಟ್ ಚೇಂಬರ್ಸ್ ಜೊತೆಗೂಡಿ ಕರ್ನಾಟಕದ ಹಳ್ಳಿಗಳಲ್ಲೇ ಇದನ್ನು ಬೆಳೆಸಿದರು. (ಈಗ ಅದೇ ಇಂಗ್ಲಿಷ್ ಕೈಪಿಡಿಯಾಗಿ ನಮಗೇ ವಾಪಸ್ ಬರುತ್ತದೆ.) ತೊಡಕಿರುವುದು ಅದಕ್ಕೂ ಮೇಲೆ, ದಾನಿಗಳ ಮಟ್ಟದಲ್ಲಿ. ಯೋಜನೆಯ ಗುರಿ, ಕೆಲಸ, ಸೂಚ್ಯಂಕಗಳನ್ನು ಒಂದೇ ಕೋಷ್ಟಕದಲ್ಲಿ ಹಾಕುವ ಲಾಗ್‌ಫ್ರೇಮ್ 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿಗಾಗಿ ತಯಾರಾದದ್ದು. ದಾನಿ ದೇಶಗಳ ಒಇಸಿಡಿ ಸಮಿತಿ 1991ರಲ್ಲಿ ಕೊಟ್ಟ ಮೌಲ್ಯಮಾಪನದ ಐದು ಮಾನದಂಡಗಳಿಗೆ 2019ರಲ್ಲಿ ಆರನೆಯದು ಸೇರಿತು. ಮೌಲ್ಯಮಾಪಕ ಹಳ್ಳಿಗೆ ಬರುವಷ್ಟರಲ್ಲಿ ಪ್ರಶ್ನೆಗಳು ಪಕ್ಕಾ ಆಗಿರುತ್ತವೆ. ಮೌಲ್ಯಮಾಪನ ಅಲ್ಲಿನ ಜನರ ಮೌಲ್ಯಗಳಿಂದಲೇ ಹುಟ್ಟಬೇಕೆಂದು ಬೋಟ್ಸ್ವಾನಾದ ಬಾಗೆಲೆ ಚಿಲಿಸಾ ಮೊದಲಾದ ಆಫ್ರಿಕಾದ ವಿದ್ವಾಂಸರು ವಾದಿಸುವುದು ಇಂಥ ಕಾರಣಕ್ಕೇ.

ಮೌಲ್ಯಮಾಪನದ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಹಟ ಹಿಡಿಯಬೇಕಾದ್ದು ಮೂರು. ಸೂಚ್ಯಂಕ ಗೊತ್ತುಮಾಡಲು ಹಳ್ಳಿಯಲ್ಲಿ ಎರಡು ದಿನ. ಕರಡು ವರದಿಯನ್ನು ಅಲ್ಲೇ ಓದಿ ಹೇಳಿ ತಿದ್ದಿಸಲು ಇನ್ನೊಂದು ದಿನ, ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತಾಗಿ. ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಮತ್ತೆ, ಕನ್ನಡದ ನಾಲ್ಕು ಪುಟ ಸಾರಾಂಶ ಸಂಘಕ್ಕೂ ಪಂಚಾಯಿತಿಗೂ ಮುಟ್ಟಿದ ಮೇಲಷ್ಟೇ ಸಲಹೆಗಾರರಿಗೆ ಕೊನೆಯ ಕಂತು.