ಒಂದು ಸತುವಿನ ಮೇಲೆ ನಿಂತ ಪಿ53

ಇವತ್ತು ಲ್ಯಾಬಿಗೆ ಪಿ53 ಬಂತು, ಡಿಎನ್‌ಎ ಹಿಡಿದು ಕ್ಯಾನ್ಸರ್ ತಡೆಯೋ ಪ್ರೋಟೀನು. ಡ್ರೈ ಐಸ್ ಡಬ್ಬಿಯೊಳಗೆ ಪುಟ್ಟ ಟ್ಯೂಬು, ತಳದಲ್ಲಿ 50 ಮೈಕ್ರೋಲೀಟರ್.

ಕರಗಿಸೋದು ಐಸ್ ಮೇಲೆ ಮಾತ್ರ. ಮುಚ್ಚಳ ತೆಗೆಯೋ ಮುಂಚೆ ಒಂದು ಸಲ ಸ್ಪಿನ್ ಮಾಡಿ, ಮುಚ್ಚಳಕ್ಕೆ ಅಂಟಿರೋ ಹನಿಯೂ ದುಬಾರಿಯೇ. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸೋದು ಬೇಡವೇ ಬೇಡ. ಆಮೇಲೆ 5 ಮೈಕ್ರೋಲೀಟರಿನಂತೆ ಪ್ರೋಟೀನ್ ಕಡಿಮೆ ಅಂಟೋ ಲೋ-ಬೈಂಡ್ ಟ್ಯೂಬುಗಳಿಗೆ ಹಂಚಿ ಮೈನಸ್ 80ಕ್ಕೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ರೋಟೀನ್ ಗಂಟುಗಟ್ಟುತ್ತೆ. ಪ್ರೋಟೀನನ್ನ ಬಿಚ್ಚಿ ಗಾತ್ರವಷ್ಟೇ ತೋರಿಸೋ ಎಸ್‌ಡಿಎಸ್ ಜೆಲ್ಲಿನಲ್ಲಿ ಬ್ಯಾಂಡ್ ಚೆನ್ನಾಗೇ ಕಾಣುತ್ತೆ, ಡಿಎನ್‌ಎ ಮಾತ್ರ ಹಿಡಿಯಲ್ಲ.

ನನಗೆ ಪ್ರತಿ ಸಲ ಬೆರಗು ಹುಟ್ಟಿಸೋದು ಆ ಸತು. 393 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಡಿಎನ್‌ಎ ಹಿಡಿಯೋ ಭಾಗದ ಆಕಾರ ಉಳಿಯೋಕೆ ಒಂದೇ ಒಂದು ಸತುವಿನ ಅಯಾನು ಬೇಕು. ಮೂರು ಸಿಸ್ಟೀನ್, ಒಂದು ಹಿಸ್ಟಿಡಿನ್ ಸೇರಿ ಅದನ್ನ ಹಿಡಿದಿಟ್ಟಿರ್ತವೆ. ಬಫರಿನಲ್ಲಿ ಲೋಹ ಹಿಡಿಯೋ ಇಡಿಟಿಎ ಜಾಸ್ತಿಯಾದರೆ ಸತುವನ್ನೇ ಕಿತ್ತುಕೊಳ್ಳುತ್ತೆ. ಡಿಟಿಟಿ ಅನ್ನೋ ರಾಸಾಯನಿಕ ಇಲ್ಲದಿದ್ದರೆ ಸಿಸ್ಟೀನುಗಳು ಆಕ್ಸಿಡೈಸ್ ಆಗ್ತವೆ. 1 ಮಿಲಿಮೋಲಾರ್ ಸಾಕು, ಆದರೆ ಅವತ್ತೇ ಹಾಕಿದ್ದಾಗಿರಬೇಕು. ವಾರದ ಹಿಂದಿನ ಬಫರಿನಲ್ಲಿರೋ ಡಿಟಿಟಿ ಲೆಕ್ಕಕ್ಕಿಲ್ಲ. 37 ಡಿಗ್ರಿಯಲ್ಲಿ ಸುಮ್ಮನೆ ಇಡಬೇಡಿ, ಮೈಯೊಳಗಿನ ಬಿಸಿಯೇ ಆದರೂ ಟ್ಯೂಬಿನಲ್ಲಿ ಅದು ಬೇಗ ಬಿಚ್ಚಿಕೊಳ್ಳುತ್ತೆ.

ಜೆಲ್ ಶಿಫ್ಟ್ (ಪ್ರೋಟೀನ್ ಹಿಡಿದ ಡಿಎನ್‌ಎ ಜೆಲ್ಲಿನಲ್ಲಿ ನಿಧಾನವಾಗಿ ಓಡಿ ಮೇಲೆ ನಿಲ್ಲೋ ಪರೀಕ್ಷೆ) ಮಾಡೋರೇ, ಪಿ53 ಗುರುತಿಸೋ ಅನುಕ್ರಮ ಕೆಡಿಸಿದ ಪ್ರೋಬನ್ನೂ (ಪರೀಕ್ಷೆಗೆ ಹಾಕೋ ಡಿಎನ್‌ಎ ತುಂಡು) ಪಕ್ಕದ ಲೇನಿನಲ್ಲಿ ಓಡಿಸಿ. ಪಿ53ಯ ಬಾಲ, ಅಂದರೆ ಸರಪಳಿಯ ಕೊನೆಯ ತುದಿ, ಸಿಕ್ಕ ಡಿಎನ್‌ಎಗೆಲ್ಲ ಅಂಟಿಕೊಳ್ಳುತ್ತೆ. ಅಲ್ಲೂ ಬ್ಯಾಂಡ್ ಮೇಲೆ ನಿಂತರೆ ಉಪ್ಪು ಸ್ವಲ್ಪ ಏರಿಸಿ, ಇಲ್ಲವೇ ಪೈಪೋಟಿಗೆ ಹಾಕೋ ಬೇರೆ ಡಿಎನ್‌ಎ ಹೆಚ್ಚಿಸಿ ನೋಡಿ.