ಮುಚ್ಚಿದ ಚಿಪ್ಪು

ನಾನು ದಿನಾ ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಓಡಾಡುತ್ತೇನೆ. ಲ್ಯಾಬಿನಲ್ಲಿ ನನ್ನ ಕೆಲಸ ಚಿಪ್ಪು ಆರಿಸುವುದು. ಆ ಚಿಪ್ಪುಗಳಿಂದ ಹಿಂದಿನ ಕಾಲದ ನೀರಿನ ಕಾವು ಕಂಡುಹಿಡಿಯುತ್ತೇವೆ. ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು ನಮಗೆ ಬರುತ್ತದೆ. ಅದನ್ನು ಪದರ ಪದರವಾಗಿ ಕತ್ತರಿಸಿ, ಜರಡಿಯಲ್ಲಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪ್ ಕೆಳಗೆ ಹರಡಿಕೊಂಡು ಕೂರುತ್ತೇನೆ. ಒದ್ದೆ ಬ್ರಷ್‌ನ ತುದಿಗೆ ಒಂದೊಂದೇ ಚಿಪ್ಪು ಅಂಟಿಸಿಕೊಂಡು ಸ್ಲೈಡಿನ ಮೇಲೆ ಇಡಬೇಕು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುವುದನ್ನು ನೋಡಿ ಬೆಳೆದವಳು ನಾನು. ಕೆಲಸ ಬೇಗ ಕೈಗೆ ಹತ್ತಿತು.

ಈ ಚಿಪ್ಪು ಆಸ್ಟ್ರಾಕಾಡ್ ಎಂಬ ಪ್ರಾಣಿಯದು. ಸೀಗಡಿ, ಏಡಿಗಳ ಬಳಗ. ಹೆಚ್ಚಿನವು ರಾಗಿ ಕಾಳಿಗಿಂತ ಸಣ್ಣ. ಅವರೆಕಾಳಿನ ಎರಡು ಬೇಳೆಯಂತೆ ಎರಡು ಹೋಳು, ಅದರೊಳಗೆ ಮೈ. ವಿ.ಸಿ. ನಾಲೆಯ ನೀರು ಹರಿಯುವ ನಮ್ಮ ಭತ್ತದ ಗದ್ದೆಗಳಲ್ಲೂ ಇವುಗಳ ಸಿಹಿನೀರಿನ ನೆಂಟರು ಈಜಾಡುತ್ತವೆ. ಎಷ್ಟು ಸಲ ತುಳಿದುಕೊಂಡು ಓಡಾಡಿದ್ದೇನೋ!

"ಅಷ್ಟು ಸಣ್ಣ ಚಿಪ್ಪಲ್ಲಿ ನೀರಿನ ಕಾವು ಹೆಂಗವ್ವಾ ಗೊತ್ತಾಯ್ತದೆ?" ಎಂದು ಅಮ್ಮ ಕೇಳಿದ್ದರು. ಒಳ್ಳೆಯ ಪ್ರಶ್ನೆ ಅಲ್ವಾ? ಆಸ್ಟ್ರಾಕಾಡ್ ಬೆಳೆಯುವಾಗ ಹಳೆ ಚಿಪ್ಪು ಕಳಚಿ ಹೊಸದು ಕಟ್ಟುತ್ತದೆ. ಸಾಮಾನ್ಯವಾಗಿ 8 ಸಲ. ಪ್ರತಿ ಸಲವೂ ಸುತ್ತಲಿನ ನೀರಿನಿಂದ ಕ್ಯಾಲ್ಸಿಯಂ ಎಳೆದುಕೊಂಡು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಚಿಪ್ಪು ಗಟ್ಟಿ ಮಾಡಿಕೊಳ್ಳುತ್ತದೆ. ಆಗ ಕ್ಯಾಲ್ಸಿಯಂ ಜಾಗದಲ್ಲಿ ಒಂದಿಷ್ಟು ಮೆಗ್ನೀಸಿಯಂ ಕೂಡ ಸೇರಿಕೊಳ್ಳುತ್ತದೆ. ನೀರು ಬೆಚ್ಚಗಿದ್ದಷ್ಟೂ ಅದು ಜಾಸ್ತಿ. ಎರಡರ ಪರಸ್ಪರ ಪ್ರಮಾಣ ಅಳೆದರೆ ಚಿಪ್ಪು ಕಟ್ಟಿದ ದಿನಗಳ ಕಾವು ತಿಳಿಯುತ್ತದೆ. ಒಂದೊಂದು ಜಾತಿಗೂ ಲೆಕ್ಕ ಬೇರೆ, ಮರಿಗಳ ಲೆಕ್ಕ ಇನ್ನೂ ಬೇರೆ. ಅದಕ್ಕೇ ಒಂದೇ ಜಾತಿಯ, ಬೆಳೆದ ಚಿಪ್ಪುಗಳನ್ನಷ್ಟೇ ಆರಿಸುತ್ತೇವೆ.

ಚಿಪ್ಪಿನಲ್ಲಿರುವ ಆಮ್ಲಜನಕದ ಐಸೋಟೋಪ್, ಅಂದರೆ ಅದರ ಹಗುರ ಮತ್ತು ಭಾರದ ರೂಪಗಳನ್ನು ಅಳೆಯುವ ದಾರಿಯೂ ಇದೆ. ಆದರೆ ಅಳಿವೆಯಲ್ಲಿ ಮಳೆಗಾಲದ ಹೊಳೆನೀರು ಅದನ್ನೂ ಬದಲಿಸುತ್ತದೆ. ಸಿಹಿನೀರು ಹೆಚ್ಚಾಯಿತೋ, ಕಾವು ಹೆಚ್ಚಾಯಿತೋ, ಬಿಡಿಸಿ ಹೇಳುವುದು ಕಷ್ಟ. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕಡಲ ನೀರಿನಲ್ಲಿ ಹೊಳೆಗಿಂತ ಬಹಳ ಜಾಸ್ತಿ. ಹಾಗಾಗಿ ನೀರು ತೀರಾ ಸಿಹಿಯಾಗದಿದ್ದರೆ ಅವುಗಳ ಪರಸ್ಪರ ಪ್ರಮಾಣ ಅಷ್ಟಾಗಿ ಕದಲುವುದಿಲ್ಲ.

ಸೇರಿದ ಮೂರನೇ ತಿಂಗಳು. ಒಂದು ಪದರದಲ್ಲಿ ಮೆಗ್ನೀಸಿಯಂ ಇದ್ದಕ್ಕಿದ್ದಂತೆ ಮೇಲೆ ಹಾರಿತು. ನನಗೆ ಖುಷಿಯೋ ಖುಷಿ. ಅಮೆರಿಕದ ಚೆಸಪೀಕ್ ಕೊಲ್ಲಿಯ ಬಗ್ಗೆ ಆಗಷ್ಟೇ ಓದಿದ್ದೆ. ಅದೂ ದೊಡ್ಡ ಅಳಿವೆಯೇ. ಅಲ್ಲಿನ ಆಸ್ಟ್ರಾಕಾಡ್ ಚಿಪ್ಪುಗಳಿಂದ ಕ್ರೋನಿನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 2003ರಲ್ಲಿ 2,000ಕ್ಕೂ ಹೆಚ್ಚು ವರ್ಷಗಳ ಕಾವಿನ ಕಥೆ ಬಿಡಿಸಿದ್ದರು. ನೂರು ವರ್ಷದೊಳಗೇ 2ರಿಂದ 4 ಡಿಗ್ರಿ ಏರುಪೇರಾದ ಕಾಲಗಳು ಅದರಲ್ಲಿದ್ದವು. ನಮಗೂ ಅಂಥದ್ದೇ ಸಿಕ್ಕಿತು ಎಂದುಕೊಂಡೆ. ನೋಡಬೇಕು ಎಂದು ಆಸೆಪಟ್ಟಿದ್ದನ್ನೇ ಕಂಡಿದ್ದೆ.

ನಮ್ಮ ಲ್ಯಾಬಿನ ಮೇಡಂ ಮೆಗ್ನೀಸಿಯಂ ಕಡೆ ನೋಡಲೇ ಇಲ್ಲ. ಪಕ್ಕದ ಅಲ್ಯೂಮಿನಿಯಂ ಸಾಲಿನ ಮೇಲೆ ಬೆರಳಿಟ್ಟರು. ಅದೂ ಹಾರಿತ್ತು.

"ಈ ಪದರದಲ್ಲಿ ಮುಚ್ಚಿದ ಚಿಪ್ಪು ಆರಿಸಿದ್ಯೇನಮ್ಮ?"

ಹೌದು, ಆರಿಸಿದ್ದೆ. ಪ್ರಾಣಿ ಸತ್ತ ಮೇಲೆ ಎರಡು ಹೋಳು ಸಾಮಾನ್ಯವಾಗಿ ಬೇರೆಯಾಗುತ್ತವೆ. ಬೇಗ ಕೆಸರಲ್ಲಿ ಹೂತವು ಮಾತ್ರ ಮುಚ್ಚಿಕೊಂಡೇ ಉಳಿಯುತ್ತವೆ. ಒಂದು ಚೂರೂ ಮುಕ್ಕಾಗದ ಅಂಥ ಚಿಪ್ಪು ಮೈಕ್ರೋಸ್ಕೋಪಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ! ಹುಡುಕಿ ಹುಡುಕಿ ಅವನ್ನೇ ಎತ್ತಿದ್ದೆ. ಹೊರಗೆಲ್ಲ ಬ್ರಷ್ ಆಡಿಸಿದ್ದೆ. ಒಳಗೆ ನುಣ್ಣನೆಯ ಜೇಡಿ ತುಂಬಿತ್ತು. ಚಿಪ್ಪಿನಲ್ಲಿ ಅಲ್ಯೂಮಿನಿಯಂ ಇಲ್ಲವೆನ್ನುವಷ್ಟು ಕಡಿಮೆ. ಜೇಡಿಯಲ್ಲಿ ಅದು ಧಾರಾಳ, ಜೊತೆಗೆ ಮೆಗ್ನೀಸಿಯಂ ಕೂಡ. ನಾನು ಅಳೆದದ್ದು ಚಿಪ್ಪು ಮತ್ತು ಮಣ್ಣು ಎರಡನ್ನೂ.

ಮೇಡಂ ಬೈಯಲಿಲ್ಲ. ಆ ಅಂಕಿಯನ್ನು ಅಳಿಸಲೂ ಬಿಡಲಿಲ್ಲ. ಏನಾಯಿತೆಂದು ಪಕ್ಕದಲ್ಲಿ ನನ್ನ ಕೈಯಲ್ಲೇ ಬರೆಸಿದರು. ಸಂಕಟವಾದದ್ದು ಬೇರೆ ವಿಷಯಕ್ಕೆ. ಅಳೆಯುವ ಮೊದಲು ಚಿಪ್ಪನ್ನು ಆಮ್ಲದಲ್ಲಿ ಕರಗಿಸುತ್ತೇವೆ. ಆಮೇಲೆ ಅದು ಇಲ್ಲ. ಸಾವಿರಾರು ವರ್ಷ ಕೆಸರಲ್ಲಿ ಉಳಿದದ್ದನ್ನು ನಾನು ಸುಮ್ನೆ ಕಳೆದುಬಿಟ್ಟೆ ಅನಿಸಿ ಅವತ್ತು ರೈಲಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

ಈಗ ಮುಚ್ಚಿದ ಚಿಪ್ಪು ಸಿಕ್ಕರೆ ಸೂಜಿಯಿಂದ ಮೆಲ್ಲಗೆ ಬಿಡಿಸುತ್ತೇನೆ. ಒಳಮೈಯನ್ನೂ ಬ್ರಷ್ ಮಾಡಿ ಮೆಥನಾಲ್‌ನಲ್ಲಿ, ಆಮೇಲೆ ಶುದ್ಧ ನೀರಿನಲ್ಲಿ ಜಾಲಿಸುತ್ತೇನೆ. ಎಡ ಹೋಳೋ ಬಲವೋ, ಮುಚ್ಚಿತ್ತೋ ತೆರೆದಿತ್ತೋ, ಎಲ್ಲ ಬರೆದುಕೊಳ್ಳುತ್ತೇನೆ. ಕರಗಿಸುವ ಮೊದಲು ಒಂದು ಫೋಟೋ. ಸಾಧ್ಯವಾದರೆ ಒಂದು ಹೋಳು ಅಳೆಯಲು ಕೊಟ್ಟು, ಇನ್ನೊಂದನ್ನು ಸ್ಲೈಡಿನಲ್ಲೇ ಉಳಿಸುತ್ತೇನೆ.

ಆ ಪದರದ ಉಳಿದ ಕೆಸರನ್ನು 2 ದಿನ ಕೂತು ಜಾಲಾಡಿದೆ. ನಮಗೆ ಬೇಕಾದ ಜಾತಿಯ ಬೆಳೆದ ಚಿಪ್ಪು ಸಿಕ್ಕಿದ್ದು 4. ಚೆನ್ನಾಗಿ ತೊಳೆದು ಅಳೆಸಿದೆವು. ಅಲ್ಯೂಮಿನಿಯಂ ಇಳಿಯಿತು. ಮೆಗ್ನೀಸಿಯಂ ಅಕ್ಕಪಕ್ಕದ ಪದರಗಳ ಹತ್ತಿರಕ್ಕೆ ಬಂತು, ಆದರೂ ಸ್ವಲ್ಪ ಮೇಲೆಯೇ ನಿಂತಿತು. ಆ ಕಾಲದಲ್ಲಿ ಅಳಿವೆಯ ನೀರು ನಿಜವಾಗಿ ಬೆಚ್ಚಗಾಗಿತ್ತು ಎನ್ನಲು 4 ಚಿಪ್ಪು ಸಾಲದು. ನಾನು ಕರಗಿಸಿದ 16 ಇದ್ದಿದ್ದರೆ ಹೇಳಬಹುದಿತ್ತು.