ಬಟ್ಟೆ ತಂತಿಯ ಮೇಲೊಂದು ಗೂಡು

ಏಪ್ರಿಲ್ 6, 2025, ಭಾನುವಾರ. ಶ್ರೀರಾಮನವಮಿ.
ಸರಸ್ವತಿಪುರಂ, ಮೈಸೂರು

ಬೆಳಿಗ್ಗೆ ಆರೂವರೆಗೆ ಅಡುಗೆಮನೆ ಕಿಟಕಿಗೆ ಬಂದಾಗ ಸೂರಕ್ಕಿ ಆಗಲೇ ಗೂಡಿನೊಳಗೆ ಕೂತಿತ್ತು. ಕಾಣುತ್ತಿದ್ದದ್ದು ಬಾಗಿದ ಕೊಕ್ಕು, ಅದರ ಹಿಂದೆ ಒಂದು ಕಣ್ಣಿನ ಹೊಳಪು. ಕಿಟಕಿ ತೆರೆಯಲಿಲ್ಲ. ಗಾಜಿನ ಒಳಗಿನಿಂದಲೇ ಒಂದು ಚಿತ್ರ ತೆಗೆದು ಹಾಲು ಕಾಯಿಸಲು ಹೋದೆ. ಗಾಜಿನಿಂದಾಗಿ ಚಿತ್ರ ಸ್ವಲ್ಪ ಮಬ್ಬು. ಇರಲಿ.

ಗೂಡು ಇರುವುದು ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ, ದಾಸವಾಳದ ಗಿಡಕ್ಕೆ ಒಂದು ಮೊಳ ದೂರ. ಅದು ಶುರುವಾದ ದಿನ ಗೊತ್ತಾದದ್ದು ನನ್ನ ದಿನಕ್ಕೊಂದು ಚಿತ್ರದ ಅಭ್ಯಾಸದಿಂದ. ಮಾರ್ಚ್ 20ರಂದು ನಾನು ತೆಗೆದದ್ದು ಅತ್ತೆಯ ಕೆಂಪು ಸೀರೆಯ ಚಿತ್ರ. ಒದ್ದೆ ಸೆರಗಿನಲ್ಲಿ ಬಿಸಿಲು ಹಾಯುವ ಬಗೆ ಚೆನ್ನಾಗಿತ್ತು. ವಾರದ ನಂತರ ಗೂಡು ಚೀಲದಂತೆ ಇಳಿಬಿದ್ದಾಗ ಹಿಂದಿನ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಆ ಸೀರೆಯ ಪಕ್ಕದಲ್ಲಿ, ತಂತಿಯ ಮೇಲೆ, ಜೇಡರಬಲೆಯ ಒಂದು ಬೂದು ಎಳೆ. ಅಂದು ನನ್ನ ಕಣ್ಣಿಗೆ ಅದು ಧೂಳಾಗಿತ್ತು. ಕ್ಯಾಮೆರಾ ಧೂಳನ್ನೂ ಬಿಡದೆ ತುಂಬಿಟ್ಟುಕೊಂಡಿತ್ತು.

ಆಮೇಲಿನದ್ದೆಲ್ಲ ದಿನದಿನಕ್ಕೂ ಇದೆ. ಕಟ್ಟಿದ್ದು ಹೆಣ್ಣೇ. ಜೇಡರಬಲೆಯನ್ನು ಅಂಟಿನಂತೆ ಸುತ್ತಿ, ಅದಕ್ಕೆ ನಾರು, ಒಣ ಎಲೆಯ ಚೂರು, ತೊಗಟೆ, ಕಂಬಳಿಹುಳದ ಹಿಕ್ಕೆ ಮೆತ್ತಿ, ಬಾಗಿಲ ಮೇಲೆ ಮಳೆ ಬೀಳದಂತೆ ಒಂದು ಪುಟ್ಟ ಸೂರು ಇಳಿಸಿತು. ಒಳಗೆ ಹಾಸಲು ಹತ್ತಿಯಂಥ ಮೆತ್ತನೆಯದೇನೋ ತಂದಿತು. ದೂರದಿಂದ ನೋಡಿದರೆ ತಂತಿಗೆ ಸಿಕ್ಕಿಕೊಂಡ ಕಸ. ಹಾಗೆ ಕಾಣಲೆಂದೇ ಅದರ ಕಷ್ಟ. ಗಂಡಿನ ಬೆನ್ನು ಕೆಂಗಂದು, ಹೊಟ್ಟೆ ಹಳದಿ, ಭುಜದಲ್ಲೊಂದು ಹಸಿರು ಮಿಂಚು. ಅದು ದಾಸವಾಳದ ಮೇಲೆ ಕೂತು ಚಿವ್ ಚಿವ್ ಎನ್ನುತ್ತಿತ್ತು. ಮಾರ್ಚ್ 30, ಯುಗಾದಿಯ ದಿನ, ಕೆಲಸ ನಿಂತಿತು. ಮೂರು ದಿನದಿಂದ ಹೆಣ್ಣು ಒಳಗೇ ಕೂತಿರುತ್ತದೆ. ಕಾವಿಗೆ ಎರಡು ವಾರದಷ್ಟು ಬೇಕು, ಮರಿ ಗೂಡು ಬಿಟ್ಟು ಹಾರಲು ಇನ್ನೂ ಎರಡು ವಾರದ ಮೇಲೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯೆಲ್ಲ ತಾರಸಿಗೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಬಕೆಟ್ ಹೊರುವುದು ನನ್ನ ಕೆಲಸವಾಗಿದೆ.

ಇಷ್ಟು ದೂರ ನಿಲ್ಲಲು ಕಾರಣವನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ಇವತ್ತು ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಇಂಥದೇ ಗೂಡು ಪಾರಿಜಾತದ ಕೊಂಬೆಯಲ್ಲಿತ್ತು. ಹೊಸದಾಗಿ ಕ್ಯಾನನ್ ಕ್ಯಾಮೆರಾ, 55-250 ಲೆನ್ಸ್ ಕೊಂಡಿದ್ದೆ. ಮರಿಗಳು ಬಾಯಿ ತೆರೆಯುವ ಚಿತ್ರ ಬೇಕಿತ್ತು, ಅಡ್ಡಲಾಗಿ ನಾಲ್ಕೈದು ಎಲೆಗಳಿದ್ದವು. ಕತ್ತರಿಸಲಿಲ್ಲ, ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿದೆ. ಕತ್ತರಿಸಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನವೂ ಹೇಳಿಕೊಂಡೆ. ಬೆಳಕು ಚೆನ್ನಾಗಿ ಬಿತ್ತು, ಚಿತ್ರ ಚೆನ್ನಾಗಿ ಬಂತು. ದಾರ ಬಿಚ್ಚುವುದನ್ನು ಮರೆತೆ. ಮರುದಿನ ಬೆಳಿಗ್ಗೆ ಕೆಂಬೂತವೊಂದು ಆ ಕೊಂಬೆಯಿಂದ ಹಾರಿಹೋಯಿತು. ಗೂಡು ಹರಿದು ನೇತಾಡುತ್ತಿತ್ತು. ತಾಯಿ ಹಕ್ಕಿ ಬಾಯಲ್ಲಿ ಜೇಡ ಹಿಡಿದುಕೊಂಡು ಬಂದು, ಹರಿದ ಗೂಡಿನ ಸುತ್ತ ಹಾರಿ, ಮತ್ತೆ ಬಂದು, ಮಧ್ಯಾಹ್ನದವರೆಗೆ ಹಾಗೇ ಮಾಡಿತು. ಕೆಂಬೂತಕ್ಕೂ ಹಸಿವು, ಅದರ ತಪ್ಪಿಲ್ಲ. ಎಲೆಯ ಮರೆ ತೆಗೆದವಳು ನಾನು. ಆ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಯಾರಿಗೂ ತೋರಿಸಿಲ್ಲ.

ಸಫಾರಿಗೆ ಹೋದವರು ತೆಗೆದ ಹುಲಿ ಅವರಿಗೆ ಮತ್ತೆ ಸಿಗಲಿಕ್ಕಿಲ್ಲ. ನನ್ನ ಹಿತ್ತಿಲ ಹಕ್ಕಿ ನಾಳೆಯೂ ಸಿಗುತ್ತದೆ, ಬೀದಿಯ ಸೊಪ್ಪಿನಮ್ಮನೂ ಸಿಗುತ್ತಾರೆ. ಅವರ ಎದುರು ಮುಖ ಎತ್ತಿ ನಿಲ್ಲುವ ಹಾಗೆ ಇರಬೇಕಲ್ಲ.

ಸೊಪ್ಪಿನಮ್ಮ ಇವತ್ತೂ ಬಂದಿದ್ದರು. ಒಂದು ವರ್ಷ ಅವರ ಚಿತ್ರ ತೆಗೆಯಲು ಕೇಳಿ ಕೇಳಿ ಸುಮ್ಮನಾಗಿದ್ದೆ, "ಮುಖ ಬ್ಯಾಡ ಕಣವ್ವ" ಎನ್ನುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಅವರೇ "ಕೈ ತಗೀತೀಯಾ?" ಎಂದರು. ತೆಗೆದೆ. ಮೆಂತ್ಯದ ಕಟ್ಟಿಗೆ ಬಾಳೆನಾರು ಬಿಗಿಯುತ್ತಿರುವ ಬೆರಳುಗಳು, ಉಗುರ ಸಂದಿಯಲ್ಲಿ ಮಣ್ಣು, ಹಸಿರು ಗಾಜಿನ ಬಳೆ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ಇವತ್ತು ಹೇಳಿದರು: ಅದನ್ನು ಮಗಳು ಚೌಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲಿ ಇಟ್ಟಿದ್ದಾಳಂತೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎರಡು ಕಟ್ಟು ದಂಟು ಜಾಸ್ತಿ ಕೊಂಡೆ.

ಏಳೂವರೆಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆ ಮನೆಗೆ ಇಷ್ಟು ಹತ್ತಿರ ಇರುವುದು ನನ್ನ ಪುಣ್ಯ. ಹೆಜ್ಜಾರ್ಲೆಗಳು ನಡುಗಡ್ಡೆಯ ಮರಗಳ ಮೇಲಿದ್ದವು. ಮಿಂಚುಳ್ಳಿಗಾಗಿ ಸೆಕೆಂಡಿನ 1/1000 ಭಾಗದ ಶಟರ್ ಇಟ್ಟು ಕಾದೆ, ಬರಲಿಲ್ಲ. ಕೊನೆಗೆ ಬೇಲಿಯ ಮೇಲೆ ಯಾರೋ ಮರೆತುಹೋದ ನೀಲಿ ಕರ್ಚೀಫಿನ ಚಿತ್ರ ತೆಗೆದು ವಾಪಸ್ಸಾದೆ.

ತಿರುವಿನ ಹೊಂಗೆ ಮರದ ಕೆಳಗೆ ಎಂದಿನಂತೆ ನಿಂತೆ. ವಾರಕ್ಕೊಮ್ಮೆ ಸೀಸನ್‌ವಾಚ್ ಎಂಬ ಮರ ಗಮನಿಸುವ ಯೋಜನೆಗೆ ಇದರ ಚಿಗುರು, ಮೊಗ್ಗು, ಹೂ, ಕಾಯಿ ದಾಖಲಿಸುತ್ತೇನೆ. ಒಂದೇ ಮರವನ್ನು ಒಬ್ಬರೇ ವಾರವಾರ ನೋಡುತ್ತ ಹೋಗುವುದೇ ಅಲ್ಲಿಯ ಕ್ರಮ. ದೇಶದ ಬೇರೆ ಬೇರೆ ಊರುಗಳ ಜನ ಹೀಗೆ ಮಾಡಿದಾಗ ಮರಗಳ ಕಾಲಮಾನ ಬದಲಾಗುತ್ತಿದೆಯೇ ಎಂದು ತಿಳಿಯುತ್ತದೆ. ಹಳೆ ಎಲೆಯೆಲ್ಲ ಉದುರಿ ಈಗ ಮರದ ತುಂಬ ಎಳೆಹಸಿರು, ಬಿಸಿಲು ಬಿದ್ದರೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಹೂ ಅಲ್ಲೊಂದು ಇಲ್ಲೊಂದು. ಇನ್ನು ಕೆಲವು ದಿನಕ್ಕೆ ರಸ್ತೆಯೆಲ್ಲ ಅರಳು ಚೆಲ್ಲಿದ ಹಾಗೆ ಆಗುತ್ತದೆ, ಮೂಲೆ ಮನೆಯವರು ಗುಡಿಸಿ ಗುಡಿಸಿ ಸಾಕಾಗುತ್ತಾರೆ.

ಹನ್ನೊಂದಕ್ಕೆ ಪಾನಕ. ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ, ಚೂರು ಮೆಣಸು, ಅತ್ತೆಯ ಕೈ ಅಳತೆ. ಬೀದಿಯ ಮಕ್ಕಳೆಲ್ಲ ಜಗುಲಿಗೆ ಬಂದರು. ಸ್ಟೀಲ್ ಲೋಟದಲ್ಲಿ ಪಾನಕದ ಬಣ್ಣವೇ ಕಾಣುವುದಿಲ್ಲ, ಅದಕ್ಕೇ ಹಳೆ ಗಾಜಿನ ಲೋಟ ಇಳಿಸಿ ಸಾಲಾಗಿ ಇಟ್ಟೆ. ಹಿಂದಿನಿಂದ ಬಿಸಿಲು ಬಿದ್ದಾಗ ಎಲ್ಲದರಲ್ಲೂ ಜೇನಿನ ಬಣ್ಣ. ಒಬ್ಬ ಹುಡುಗ ಕುಡಿಯುವ ಮೊದಲು ಲೋಟವನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿದ. ಅದೇ ಇವತ್ತಿನ ಚಿತ್ರ. ಅವನ ಅಮ್ಮನಿಗೆ ತೋರಿಸಿ, ಒಪ್ಪಿಗೆ ಕೇಳಿ, ಇಟ್ಟುಕೊಂಡಿದ್ದೇನೆ.

ಫಿಲ್ಮ್ ಕಾಲದಲ್ಲಿ ರೋಲಿಗೆ 36 ಚಿತ್ರ. ಮೂಡಿಗೆರೆಯಲ್ಲಿ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದದ್ದು ಆ ಕಾಲದಲ್ಲೇ ಅಲ್ಲವೇ ಎಂದು ಲೋಟ ತೊಳೆಯುವಾಗ ನೆನಪಾಯಿತು. ಒಂದೊಂದು ಚಿತ್ರಕ್ಕೂ ಎಷ್ಟು ಕಾದಿರಬೇಕು! ನನ್ನ ಕಾರ್ಡಿನಲ್ಲಿ ಸಾವಿರಾರು ಹಿಡಿಯುತ್ತವೆ, ಆದರೂ ದಿನದ ಕೊನೆಗೆ ಒಂದನ್ನೇ ಉಳಿಸುವ ನಿಯಮವನ್ನು ನಾನು ಮುರಿಯುವುದಿಲ್ಲ. ಗೂಡಿನ ಚಿತ್ರಕ್ಕೆ ಮಾತ್ರ ವಿನಾಯಿತಿ.

ಮಧ್ಯಾಹ್ನ ಹನ್ನೆರಡೂ ಇಪ್ಪತ್ತಾರಕ್ಕೆ ತುಳಸಿಕಟ್ಟೆಯ ಬಳಿ ಮೀಟರ್ ಕೋಲು ನಿಲ್ಲಿಸಿದೆ. ನಮ್ಮ ಊರಿನ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ; ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು, ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ನೆರಳು ಉತ್ತರಕ್ಕೆ, ಹತ್ತು ಸೆಂಟಿಮೀಟರ್. ದಿನವೂ ಕುಗ್ಗುತ್ತಿದೆ. ಈ ತಿಂಗಳ 22ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ, ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ, ಆಮೇಲೆ ದಕ್ಷಿಣಕ್ಕೆ ಚಾಚತೊಡಗುತ್ತದೆ. ಆ ದಿನ ಮೋಡ ಬರಬಾರದು. ಅಷ್ಟರಲ್ಲಿ ಮರಿಗಳೂ ಮೊಟ್ಟೆಯಿಂದ ಹೊರಬಂದಿರುತ್ತವೆ.

ಸಂಜೆ ಗಾಳಿ ಬೀಸಿತು. ತಂತಿ ಜೋರಾಗಿ ತೂಗಿತು, ಗೂಡೂ ತೂಗಿತು. ಹೆಣ್ಣು ಹೊರಗೆ ಬರಲಿಲ್ಲ. ಅತ್ತೆ ಹಿತ್ತಿಲ ದೀಪ ಹಾಕಲು ಸ್ವಿಚ್ಚಿಗೆ ಕೈ ಹಾಕಿದವರು, ಗೂಡಿನ ಕಡೆ ನೋಡಿ, ಹಾಕದೆ ಒಳಗೆ ಹೋದರು.